ಕಟಿಂಗ್ ಮೇಷ್ಟ್ರು

ಸರಸ್ವತಿಪುರಂನ ನಮ್ಮ ಮನೆಗೆ ಬರುವ ಪೇಪರಿಗೆ ವಾರದಲ್ಲಿ ಮೂರು ದಿನವಾದರೂ ಕಿಟಕಿ ಇರುತ್ತದೆ. ಪಕ್ಕದ ಮನೆಯ ನಿವೃತ್ತ ಪ್ರೊಫೆಸರು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೈ ಚಾಚಿ "ಐದೇ ನಿಮಿಷ ಇವರೇ" ಎನ್ನುತ್ತಾರೆ. ಮಧ್ಯಾಹ್ನ ಪೇಪರು ವಾಪಸು ಬಂದಾಗ ಅದರ ನಡುವಿನಿಂದ ಎದುರುಮನೆಯ ತೆಂಗಿನಮರ ಕಾಣುತ್ತದೆ. ಅವರ ಮನೆಗೂ ಅದೇ ಪೇಪರು ಬರುತ್ತದೆ ಅನ್ನಿ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಸುದ್ದಿ ಯಾವುದೇ ಇರಲಿ, ಅವರಿಗೆ ಎರಡು ಪ್ರತಿ ಬೇಕು: ಒಂದು ಫೈಲಿಗೆ, ಇನ್ನೊಂದು ಆ ಫೈಲಿಗೆ ಗೆದ್ದಲು ಹಿಡಿದರೆ ಅಂತ. ಬಡಾವಣೆಯ ಹುಡುಗರು ಅವರಿಗೆ ಕಟಿಂಗ್ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಇದನ್ನು ಕೇಳಿ ಕ್ಷೌರದಂಗಡಿ ಎಲ್ಲಿ ಎಂದು ವಿಚಾರಿಸಿಕೊಂಡು ಬಂದವರೂ ಇದ್ದಾರೆ.

ಒಮ್ಮೆ ಅವರು ಘಟಿಕೋತ್ಸವದ ಸುದ್ದಿ ಕತ್ತರಿಸಿಕೊಂಡರು. ಅದರ ಬೆನ್ನಿಗೆ 'ನಾಳೆ ವಿದ್ಯುತ್ ವ್ಯತ್ಯಯ' ಇದ್ದದ್ದು ನಮಗೇನು ಗೊತ್ತು? ಮಾರನೆಯ ದಿನ ನನ್ನ ಹೆಂಡತಿ ನೆನೆಸಿದ ಅಕ್ಕಿ, ಉದ್ದು ಗ್ರೈಂಡರಿಗೆ ಸುರಿದು ಸ್ವಿಚ್ ಒತ್ತಿದರೆ ಕರೆಂಟಿಲ್ಲ. ಮೇಷ್ಟ್ರನ್ನು ಕೇಳಲು ಹೋದೆ. ಪುಣ್ಯಕ್ಕೆ ಇನ್ನೂ ಅಂಟಿಸಿರಲಿಲ್ಲ. ಚೂರನ್ನು ತಿರುಗಿಸಿ, ಕನ್ನಡಕ ಏರಿಸಿ, "ಸಂಜೆ ಐದರವರೆಗೆ ಇಲ್ಲ" ಎಂದು ಗಂಭೀರವಾಗಿ ಓದಿ ಹೇಳಿದರು.

ಸುದ್ದಿ ಏನು ಅನ್ನುವುದು ಮೇಷ್ಟ್ರಿಗೆ ಮುಖ್ಯವಲ್ಲ. ಸುದ್ದಿಯಲ್ಲಿರುವವರು ಓದಿದ್ದೆಲ್ಲಿ, ಅದು ಮುಖ್ಯ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ದೇಶವೆಲ್ಲ ಕೆಂಡವಾಯಿತು. ಮೇಷ್ಟ್ರೂ ಕೆಂಡವಾದರು: "ಕಾನ್ಪುರದ ಐಐಟಿ ಅಂತ ಬರೀತಾರೆ. 1967ರಲ್ಲಿ ನಮ್ಮ ಎನ್‌ಐಇಯಲ್ಲಿ ಬಿ.ಇ. ಮಾಡಿದ್ದು, ನಮ್ಮ ಯೂನಿವರ್ಸಿಟಿ ಡಿಗ್ರಿ, ಅದನ್ನ ಯಾರು ಬರೀಬೇಕು?" 70 ಗಂಟೆಯ ಬಗ್ಗೆ ಅವರ ಅಭಿಪ್ರಾಯವೇನೆಂದು ಇಂದಿಗೂ ನನಗೆ ತಿಳಿಯದು.

ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಬಂದಾಗ ನಾನು ಗೊತ್ತಿಲ್ಲದೆ "ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರಲ್ಲವೆ ಸಾರ್?" ಅಂದುಬಿಟ್ಟೆ. ಮೇಷ್ಟ್ರು ಕತ್ತರಿ ಕೆಳಗಿಟ್ಟರು. "1951ರಲ್ಲಿ ಬೆಂಗಳೂರಿಗೆ ಯೂನಿವರ್ಸಿಟಿ ಎಲ್ಲಿತ್ತು ಇವರೇ? 1964ರ ತನಕ ಸೆಂಟ್ರಲ್ ಕಾಲೇಜು ನಮ್ಮದೇ." ಗಡಿ ಆ ಕಡೆ ಅಲ್ಲಿಗೆ ನಿಲ್ಲುತ್ತದೆ, ಈ ಕಡೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ 1916ಕ್ಕೆ. ಅದರಾಚೆಯವರನ್ನೆಲ್ಲ ಮದ್ರಾಸಿಗೆ ಬಿಟ್ಟುಕೊಡಬೇಕು. ಮಾಸ್ತಿಯವರ ಹೆಸರು ಬಂದರೆ ಮಾತ್ರ ಅವರಿಗೆ ಸಂಕಟ: "1914ರಲ್ಲಿ ಹೋಗಿ ಮದ್ರಾಸಿನಲ್ಲಿ ಎಂ.ಎ. ಮಾಡಿಬಿಟ್ಟರಲ್ಲಾ. ಎರಡು ವರ್ಷ ತಡೆದಿದ್ದರೆ ಏನು ಗಂಟು ಹೋಗ್ತಿತ್ತು?"

ಆರ್.ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿಗೇ ಫೇಲಾಗಿದ್ದರು. ಬೇರೆ ಯಾರಾದರೂ ಇದನ್ನು ಮುಚ್ಚಿಡುತ್ತಿದ್ದರು. ಮೇಷ್ಟ್ರಿಗೆ ಇದೂ ಹೆಮ್ಮೆ. "ಅವರನ್ನು ಇಂಗ್ಲಿಷಿನಲ್ಲಿ ಫೇಲು ಮಾಡೋ ಎದೆಗಾರಿಕೆ ಇನ್ಯಾವ ಯೂನಿವರ್ಸಿಟಿಗಿತ್ತು?"

ಈ ಉತ್ಸಾಹಕ್ಕೆ ಅಂಕುಶ ಹಾಕುವವರು ಒಬ್ಬರೇ, ಮೇಷ್ಟ್ರ ಧಾರವಾಡದ ಬೀಗರು. ಕಳೆದ ಯುಗಾದಿಗೆ ಬಂದಿದ್ದರು. ಎಲೆ ಮುಂದೆ ಕೂತು ಶುರುಮಾಡಿದರು: "ಎಂಟು ಜ್ಞಾನಪೀಠದಾಗ ಬೇಂದ್ರೆ, ಗೋಕಾಕ, ಕಾರ್ನಾಡ, ಕಂಬಾರ. ನಾಕು ನಮ್ಮವು ನೋಡ್ರಿ."

"ಕುವೆಂಪು, ಅನಂತಮೂರ್ತಿ ನಮ್ಮವರು. ಕುವೆಂಪು ಅಂತೂ ಕುಲಪತಿ ಕೂಡ. ಮಾನಸಗಂಗೋತ್ರಿ ಅಂತ ಹೆಸರಿಟ್ಟೋರೇ ಅವರು" ಎಂದು ಮೇಷ್ಟ್ರು ಗೊಜ್ಜು ಕಲಸುತ್ತ ಲೆಕ್ಕ ಒಪ್ಪಿಸಿದರು. ಎರಡಕ್ಕೆ ನಾಲ್ಕು ಸಮವಾಗಲಿಲ್ಲ. "ಅದಿರಲಿ, ಬೇಂದ್ರೆ ಬಿ.ಎ. ಮಾಡಿದ್ದು ಪುಣೆಯಲ್ಲಿ. ಆಗ ನಿಮ್ಮ ಯೂನಿವರ್ಸಿಟಿ ಹುಟ್ಟೇ ಇರಲಿಲ್ಲ."

"ಬೇಂದ್ರೆ ಅಜ್ಜಾರಿಗೆ ಡಿಗ್ರಿ ಕೇಳತೀರೇನ್ರಿ ನೀವು?" ಬೀಗರ ಕೈಯ ಹಪ್ಪಳ ಮುರಿಯಿತು. "ಸಾಧನಕೇರಿ ಸಾಕಾಗಂಗಿಲ್ಲೇನು?"

ಕಾಲೇಜು ಅರ್ಧಕ್ಕೇ ಬಿಟ್ಟು ಎದ್ದುಹೋದ ಕಾರಂತರ ಹೆಸರನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಒಬ್ಬಟ್ಟು ಬಂತು.

ಮೇಷ್ಟ್ರು ಸಂಪಾದಕರಿಗೆ ವರ್ಷಕ್ಕೆ ಎರಡು ಪತ್ರ ತಪ್ಪದೆ ಬರೆಯುತ್ತಾರೆ. ಶಿಕ್ಷಕರ ದಿನಾಚರಣೆಗೆ ಒಂದು: ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ರೈಲು ನಿಲ್ದಾಣಕ್ಕೆ ಬಿಟ್ಟದ್ದು. ರೇಡಿಯೊ ದಿನಕ್ಕೆ ಇನ್ನೊಂದು: ಅದೇ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದು, ಅದೇ 'ಆಕಾಶವಾಣಿ'ಯಾದದ್ದು. "ಈಗಿನವರು ಟೀವಿಯಲ್ಲಿ ಎರಡು ನಿಮಿಷ ಮುಖ ತೋರಿಸಿ ಸ್ಟೇಟಸ್ ಹಾಕ್ಕೋತಾರೆ. ಇವರು ಸ್ಟೇಷನ್ನೇ ಕಟ್ಟಿದರು!" ಈ ಮಾತಿನಲ್ಲಿ ನನಗೂ ತಕರಾರಿಲ್ಲ. ಬಾಡಿಗೆಯಿಲ್ಲದೆ, ಕಮಿಟಿಯಿಲ್ಲದೆ ಹಜಾರದಲ್ಲಿ ರೇಡಿಯೊ ನಡೆಸಿದ ಪ್ರೊಫೆಸರಿಗೆ ಕೈ ಮುಗಿಯಲೇಬೇಕು. ಪತ್ರದ ಬಾಲ ಮಾತ್ರ ಪ್ರತಿ ಸಲವೂ ಕತ್ತರಿಸಿಹೋಗುತ್ತದೆ, ಪತ್ರಿಕೆಯವರ ಹತ್ತಿರವೂ ಕತ್ತರಿ ಇದೆಯಲ್ಲ.

"ನೀವು ಯಾವತ್ತಾದರೂ ಪೇಪರಲ್ಲಿ ಬಂದಿದ್ದಿರಾ ಸಾರ್?" ಎಂದು ಮೊನ್ನೆ ಕೇಳಿದೆ. ಮೇಷ್ಟ್ರು ಒಳಗೆ ಹೋಗಿ, ಗೋದ್ರೇಜ್ ಬೀರು ತೆಗೆದ ಸದ್ದಾಗಿ, ಲ್ಯಾಮಿನೇಷನ್ ಮಾಡಿಸಿದ ಒಂದು ಚೂರು ತಂದರು. ಹಳದಿಗೆ ತಿರುಗಿದ ಕಪ್ಪುಬಿಳುಪು ಚಿತ್ರ. ವಿಚಾರ ಸಂಕಿರಣದ ಉದ್ಘಾಟನೆ. ಆಳೆತ್ತರದ ದೀಪ, ಸುತ್ತ ಶಾಲು ಹೊದ್ದವರು. ದೀಪದ ಕಂಬದ ಹಿಂದೆ ಒಂದು ಕಿವಿ, ಕನ್ನಡಕದ ಒಂದು ಗಾಜು. ಕೆಳಗೆ ಆರು ಜನರ ಹೆಸರು, ಕೊನೆಯಲ್ಲಿ 'ಮತ್ತಿತರರು ಇದ್ದಾರೆ'. 'ಮತ್ತಿತರರು' ಎಂಬುದರ ಅಡಿಗೆ ಕೆಂಪು ಗೆರೆ, ಅಲ್ಲಿಂದ ಕಿವಿಯವರೆಗೆ ಒಂದು ಬಾಣ.

"ಸಂಯೋಜಕ ನಾನೇ. ಬತ್ತಿ ಸರಿಮಾಡ್ತಿದ್ದೆ, ಅಷ್ಟರಲ್ಲಿ ಫೋಟೊ ಹೊಡೆದ."

ಕಾಫಿ ತಂದ ಅವರ ಮನೆಯವರು ಚೂರನ್ನು ಕೈಗೆತ್ತಿಕೊಂಡು ಸರಕ್ಕನೆ ಹಿಂದೆ ತಿರುಗಿಸಿದರು. ಆ ಕಡೆ ಅಂದಿನ ಚಿನ್ನದ ಧಾರಣೆ ಇತ್ತು.

"ನೋಡಿ, ಆವತ್ತು ತೊಗೊಳ್ಳಿ ಅಂದೆ" ಎಂದು ನನಗೆ ತೋರಿಸಿದರು.