ಎಕ್ಸೆಲ್ ಇಳಿದು ಬುಲೆಟ್ ಏರಿದವರು

ಅಕ್ಕಿಹೆಬ್ಬಾಳಿನಂಥ ಊರಿನ ಗದ್ದೆ ದಾರಿಗಳಲ್ಲಿ ಟಿವಿಎಸ್ ಎಕ್ಸೆಲ್ 100ರದ್ದೇ ದರ್ಬಾರು. 99.7 ಸಿಸಿ, ಸುಮಾರು 90 ಕಿಲೋ ಮೈ; ಹಿಡಿಯಲು ಕ್ಲಚ್ಚಿಲ್ಲ, ಬದಲಿಸಲು ಗೇರಿಲ್ಲ. ಹಿಂದೆ ಹುಲ್ಲಿನ ಹೊರೆಯಿದ್ದರೂ ಕಾಲೂರಿ ತಿರುಗಿಸಿದರೆ ತಿರುಗಿತು.

ಅದರಲ್ಲೇ ಪಳಗಿದ ಹುಡುಗ ಬುಲೆಟ್ 350 ಏರಿದರೆ ಕಥೆಯೇ ಬೇರೆ. ಸುಮಾರು 195 ಕಿಲೋ! ನಿಂತಲ್ಲೇ ಅತಿಯಾಗಿ ವಾಲಿತೋ, ಎತ್ತಲು ಅಕ್ಕಪಕ್ಕದವರು ಬರಬೇಕು. ಓಣಿಯಲ್ಲಿ ತಿರುಗಿಸಲು ಹಿಂದೆ ಮುಂದೆ ತಳ್ಳಿಯೇ ಬೆವರು. ಕೆ.ಆರ್. ಪೇಟೆ ರಸ್ತೆಗೆ ಬಿದ್ದ ಮೇಲೆ ಮಾತ್ರ ಆ ಭಾರವೇ ವರ: ಎದುರಿಂದ ಬಸ್ಸು ನುಗ್ಗಿದಾಗ ಎಕ್ಸೆಲ್ ಗಾಳಿಗೆ ತುಯ್ದಾಡುತ್ತದೆ, ಬುಲೆಟ್ ಅಷ್ಟಾಗಿ ಅಲುಗದು.

ಯಾವ ಗಾಡಿಯಾದರೂ ವೇಗದಲ್ಲಿ ಬಲಕ್ಕೆ ಹೊರಳಲು ಬಲ ಹಿಡಿಯನ್ನೇ ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಹಗುರ ಗಾಡಿಯಲ್ಲಿ ಇದು ಗೊತ್ತಾಗದೆಯೇ ನಡೆದುಹೋಗುತ್ತದೆ. ಭಾರದ್ದರಲ್ಲಿ ತೋಳಿಗೇ ತಿಳಿಯುತ್ತದೆ.

ಮೈಸೂರಿನ ಐಡಿಯಲ್ ಜಾವಾ ಹಿಂದೆ ತಯಾರಿಸುತ್ತಿದ್ದ 250 ಸಿಸಿ ಯೆಜ್ಡಿ ತೂಕದಲ್ಲಿ ಇವೆರಡರ ನಡುವಿನದು. ಅದರ ಎಡಗಡೆಯ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಹೊಸಬರು ಕಿಕ್ಕರ್ ಹುಡುಕಿ ಬಲಗಡೆಗೆ ಹೋಗಿ ಬರುತ್ತಿದ್ದರು.