ಎದ್ದು ನಿಂತರೆ ಸಾಕು, ಬಡತನ ಹೋಗುತ್ತದೆ

2009ರ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ 17,30,45,325 ಮಂದಿ ಬಡತನದ ವಿರುದ್ಧ ಎದ್ದು ನಿಂತರು. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ. ನಿಜವಾಗಿಯೇ, ಕುಳಿತಲ್ಲಿಂದ ಎದ್ದು, ಎರಡು ಕಾಲ ಮೇಲೆ ನಿಂತರು. ವಿಶ್ವಸಂಸ್ಥೆಯ ‘ಮಿಲೆನಿಯಂ ಅಭಿಯಾನ’ದ ಆಶ್ರಯದಲ್ಲಿ ನಡೆದ ಈ ನಿಲ್ಲೋಣವನ್ನು ಗಿನ್ನೆಸ್‌ನವರು ದಾಖಲೆ ಎಂದು ಬರೆದುಕೊಂಡರು. ಆಮೇಲೆ ಎಲ್ಲರೂ ಕುಳಿತರು. ಕುಳಿತವರನ್ನು ಯಾರೂ ಎಣಿಸಲಿಲ್ಲ.

ನನಗೆ ಬೆರಗಾಗುವುದು ಆ ಕೊನೆಯ 325 ಮಂದಿಯ ವಿಷಯದಲ್ಲಿ. ಜಗತ್ತಿನಲ್ಲಿ ಬಡವರು ಎಷ್ಟಿದ್ದಾರೆ ಎಂದು ಕೇಳಿದರೆ ವಿಶ್ವಬ್ಯಾಂಕಿನ ಪಂಡಿತರು ಕೋಟಿಗಳ ಲೆಕ್ಕದಲ್ಲಿ ಹಿಂದೆಮುಂದೆ ನೋಡುತ್ತಾರೆ. 2025ರ ಜೂನ್‌ನಲ್ಲಿ ಅವರು ಕಡುಬಡತನದ ಗೆರೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಎತ್ತಿದರು. ಹೊಸ ಲೆಕ್ಕದಲ್ಲಿ ಸುಮಾರು 12.5 ಕೋಟಿ ಜನ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಕಡುಬಡವರ ಪಟ್ಟಿಗೆ ಸೇರಿಹೋದರು. ಬಡವರ ಲೆಕ್ಕ ಹೀಗೆ. ಬಡವರಿಗಾಗಿ ನಿಂತವರ ಲೆಕ್ಕ ಮಾತ್ರ ಬಿಡಿ ಸ್ಥಾನದವರೆಗೂ ಪಕ್ಕಾ! ಆ ಎಣಿಕೆ ಮಾಡಿದ ಪುಣ್ಯಾತ್ಮ ಯಾರೇ ಆಗಿರಲಿ, 2021ರ ಗಣತಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಿಕೊಂಡು ಬಂದ ನಮ್ಮ ಜನಗಣತಿ ಇಲಾಖೆಗೆ ಅವನನ್ನು ಎರವಲು ತರಬೇಕಿತ್ತು.

ನಿಂತವರಲ್ಲಿ ದೊಡ್ಡ ಪಾಲು ಏಷ್ಯಾದವರದು. ಅಂದಮೇಲೆ ಬಡವರಿಗಾಗಿ ನಿಂತವರಲ್ಲಿ ಸ್ವತಃ ಬಡವರೂ ಬೇಕಾದಷ್ಟು ಮಂದಿ ಇದ್ದಿರಬೇಕು. ಅವರಿಗೆ ಇದೇನು ಹೊಸ ವಿದ್ಯೆಯೂ ಅಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಸರ್ವರ್ ಬರುವವರೆಗೆ ನಿಲ್ಲುವುದು, ತಾಲ್ಲೂಕು ಕಚೇರಿಯ ಮುಂದೆ ಸಾಹೇಬರು ಊಟ ಮುಗಿಸಿ ಬರುವವರೆಗೆ ನಿಲ್ಲುವುದು, ಹೆಬ್ಬೆಟ್ಟು ಯಂತ್ರ ತನ್ನನ್ನು ಗುರುತು ಹಿಡಿಯುವವರೆಗೆ ನಿಲ್ಲುವುದು: ನಿಲ್ಲುವುದರಿಂದ ಬಡತನ ಹೋಗುವುದಾಗಿದ್ದರೆ ಅದು ಯಾವತ್ತೋ ಹೋಗಿರುತ್ತಿತ್ತು.

ನಿಂತರೆ ಮಂಡಿ ನೋವು ಎನ್ನುವವರಿಗೆ ಅದಕ್ಕೂ ಮೊದಲೇ ಅನುಕೂಲ ಮಾಡಿಕೊಡಲಾಗಿತ್ತು. 2005ರಲ್ಲಿ ಬ್ರಿಟನ್ನಿನ ನೂರಾರು ಸಂಘಟನೆಗಳು ಸೇರಿ ‘ಮೇಕ್ ಪಾವರ್ಟಿ ಹಿಸ್ಟರಿ’ ಅಭಿಯಾನ ಹೂಡಿದವು. ಅದರ ಚಿಹ್ನೆ ಮಣಿಕಟ್ಟಿಗೊಂದು ಬಿಳಿ ಪಟ್ಟಿ. ಜಾಹೀರಾತಿನಲ್ಲಿ ಸಿನಿಮಾ ತಾರೆಯರು ಮೂರು ಸೆಕೆಂಡಿಗೊಮ್ಮೆ ಚಿಟಿಕೆ ಹೊಡೆಯುತ್ತಿದ್ದರು. ಒಂದೊಂದು ಚಿಟಿಕೆಗೂ ಎಲ್ಲೋ ಒಂದು ಮಗು ಬಡತನಕ್ಕೆ ಬಲಿಯಾಗುತ್ತಿದೆ ಎಂದು ಅದರ ಅರ್ಥ. ಬಿಳಿ ಪಟ್ಟಿ ಲಕ್ಷಗಟ್ಟಲೆ ಖರ್ಚಾಯಿತು. ಅದರಲ್ಲಿ ಕೆಲವನ್ನು ಮಾಡಿಕೊಟ್ಟ ಚೀನಾದ ಕಾರ್ಖಾನೆಗಳಲ್ಲಿ ಕಾರ್ಮಿಕರನ್ನು ಹೀನಾಯವಾಗಿ ದುಡಿಸಿಕೊಳ್ಳುತ್ತಿದ್ದಾರೆ ಎಂದು ಬ್ರಿಟನ್ನಿನ ಪತ್ರಿಕೆಗಳೇ ಬರೆದವು. ಬಡತನ ನಿರ್ಮೂಲನಕ್ಕೆ ಬಡವರ ಕೊಡುಗೆ ಇಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಆ ವರ್ಷದ ಜುಲೈ 2ರಂದು ಎಡಿನ್‌ಬರೋ ನಗರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಿಳಿ ಬಟ್ಟೆ ತೊಟ್ಟು ಊರನ್ನೇ ಬಿಳಿ ಪಟ್ಟಿಯಂತೆ ಸುತ್ತುವರಿದರು. ಅದೇ ದಿನ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಯಕ ಬಾಬ್ ಗೆಲ್ಡಾಫ್ ಮುಂದಾಳತ್ವದ ‘ಲೈವ್ 8’ ಸಂಗೀತೋತ್ಸವ. ಆಫ್ರಿಕದ ಸಲುವಾಗಿ ಹಾಡುವ ಆ ವೇದಿಕೆಯಲ್ಲಿ ಆಫ್ರಿಕದವರು ಹುಡುಕಿದರೂ ಸಿಗುವುದಿಲ್ಲ ಎಂಬ ಗೊಣಗಾಟ ಎದ್ದಾಗ, ಅವರಿಗಾಗಿ ನೂರಾರು ಕಿಲೋಮೀಟರ್ ಆಚೆ, ಕಾರ್ನ್‌ವಾಲ್ ಸೀಮೆಯ ‘ಈಡನ್ ಪ್ರಾಜೆಕ್ಟ್’ ಎಂಬ ಸಸ್ಯೋದ್ಯಾನದಲ್ಲಿ ಪ್ರತ್ಯೇಕ ಕಛೇರಿ ಏರ್ಪಾಡಾಯಿತು. ಮದುವೆಗೆ ಬಂದ ಮದುಮಗನನ್ನು ಹಿತ್ತಲಿನಲ್ಲಿ ಕೂರಿಸಿ ಬಡಿಸಿದ ಹಾಗೆ.

ನಾಲ್ಕು ದಿನ ಕಳೆದು ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಹೋಟೆಲಿನಲ್ಲಿ ಎಂಟು ಶ್ರೀಮಂತ ದೇಶಗಳ ಮುಖಂಡರು ಸೇರಿದರು. 2010ರ ಹೊತ್ತಿಗೆ ನೆರವನ್ನು ವರ್ಷಕ್ಕೆ 5,000 ಕೋಟಿ ಡಾಲರಿನಷ್ಟು ಹೆಚ್ಚಿಸುತ್ತೇವೆ, ಅದರಲ್ಲಿ ಅರ್ಧ ಆಫ್ರಿಕಕ್ಕೆ ಎಂದು ಮಾತು ಕೊಟ್ಟರು. 2010 ಬಂತು. ಆಫ್ರಿಕದ ಪಾಲಿನಲ್ಲಿ ಸರಿಯಾಗಿ ಅರ್ಧವೂ ತಲುಪಿರಲಿಲ್ಲ. ಹಾಗೆಂದು 2005ರ ಲೆಕ್ಕಪುಸ್ತಕ ನೋಡಿದರೆ ಆ ವರ್ಷ ನೆರವು ದಾಖಲೆ ಮಟ್ಟಕ್ಕೆ ಏರಿದ್ದು ಕಾಣುತ್ತದೆ. ಹೇಗೆ? ಸದ್ದಾಂ ಹುಸೇನನ ಕಾಲದ ಇರಾಕಿಗೆ ಹಿಂದೆಂದೋ ಕೊಟ್ಟಿದ್ದ, ಎಂದೆಂದಿಗೂ ವಾಪಸಾಗದ ಸಾಲವನ್ನು ಮನ್ನಾ ಮಾಡಿ, ಮನ್ನಾ ಮಾಡಿದ್ದನ್ನೆಲ್ಲ ‘ನೆರವು’ ಎಂಬ ಕಾಲಮಿನಲ್ಲಿ ಬರೆದುಕೊಂಡರು. ಮುಳುಗಿದ ಸಾಲ ದಾನವಾಗಿ ತೇಲಿತು. ನಮ್ಮ ಸಹಕಾರ ಸಂಘಗಳ ಕಾರ್ಯದರ್ಶಿಗಳು ಈ ಲೆಕ್ಕವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಅವರಿಗೂ ಹೊಳೆಯದ ಉಪಾಯ ಇದು.

ನಿಲ್ಲುವುದೂ ಬೇಡ, ಕೈಗೆ ಕಟ್ಟಿಕೊಳ್ಳುವುದೂ ಬೇಡ ಎಂಬ ಘಟ್ಟಕ್ಕೆ ನಾವು ತಲುಪಿದ್ದು 2016ರಲ್ಲಿ. ನವೆಂಬರ್ 19ರಂದು ಮುಂಬೈನ ಬಾಂದ್ರಾ–ಕುರ್ಲಾ ಮೈದಾನದಲ್ಲಿ ‘ಗ್ಲೋಬಲ್ ಸಿಟಿಜನ್’ ಉತ್ಸವ ನಡೆಯಿತು. ರಾಕ್ ತಂಡ ಕೋಲ್ಡ್‌ಪ್ಲೇ ಬಂತು, ಹಾಡುಗಾರ ಜೇ–ಝೀ ಬಂದ, ರೆಹಮಾನ್ ಬಂದರು. ಬಡತನ, ನೈರ್ಮಲ್ಯ, ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ ಮೊಬೈಲಿನಲ್ಲಿ ಸಹಿ ಒತ್ತಿ, ಸಂದೇಶ ಹಂಚಿ ಅಂಕ ಗಳಿಸಿದವರಿಗೆ ಪುಕ್ಕಟೆ ಟಿಕೆಟ್ಟಿನ ಅವಕಾಶ. ಬಡತನದ ಬಗ್ಗೆ ಅಷ್ಟೆಲ್ಲ ಚಿಂತೆ ಮಾಡಲು ಪುರುಸೊತ್ತಿಲ್ಲದವರಿಗೆ ಸಾವಿರಾರು ರೂಪಾಯಿಯ ವಿಶೇಷ ಟಿಕೆಟ್ಟುಗಳೂ ಇದ್ದವು. ಪ್ರಧಾನಿ ವಿಡಿಯೊ ಮೂಲಕ ಮಾತನಾಡಿದರು. ಹನ್ನೊಂದು ದಿನ ಹಿಂದೆ, ನವೆಂಬರ್ 8ರ ರಾತ್ರಿ, ಅವರೇ 500 ಮತ್ತು 1,000 ರೂಪಾಯಿಯ ನೋಟುಗಳನ್ನು ರದ್ದು ಮಾಡಿದ್ದರಲ್ಲ, ಮೈದಾನದಲ್ಲಿ ಗಿಟಾರು ನುಡಿಯುತ್ತಿದ್ದ ಆ ವಾರ ದೇಶವೇ ಎಟಿಎಂ ಮುಂದೆ ಎದ್ದು ನಿಂತಿತ್ತು. ಗಿನ್ನೆಸ್‌ನವರು ಆ ಕಡೆ ತಲೆ ಹಾಕಲಿಲ್ಲ. ಹಾಕಿದ್ದರೆ 17 ಕೋಟಿಯ ಆ ಹಳೆಯ ದಾಖಲೆ ಮಧ್ಯಾಹ್ನದೊಳಗೆ ಮುರಿದುಬೀಳುತ್ತಿತ್ತು.

ಇಷ್ಟು ಹೇಳಿ ಸುಮ್ಮನಾದರೆ ಜಗತ್ತಿನ ಬಡತನದ ವಿರುದ್ಧ ದುಡಿದ ಸ್ವಯಂಸೇವಕರೆಲ್ಲ ಪೊಳ್ಳು ಎಂದು ಹೇಳಿದಂತಾಗುತ್ತದೆ. ಹಾಗಲ್ಲ. ಅವರಲ್ಲಿ ಇನ್ನೊಂದು ಜಾತಿಯಿದೆ. ಹಾಡಿಲ್ಲ, ಪಟ್ಟಿಯಿಲ್ಲ, ನೋಡಲು ಪರಮ ನೀರಸ.

1990ರ ದಶಕದಲ್ಲಿ ಮಾರ್ಟಿನ್ ಡೆಂಟ್ ಎಂಬ ನಿವೃತ್ತ ಅಧ್ಯಾಪಕರೂ ಬಿಲ್ ಪೀಟರ್ಸ್ ಎಂಬ ನಿವೃತ್ತ ರಾಜತಾಂತ್ರಿಕರೂ ಬ್ರಿಟನ್ನಿನಲ್ಲಿ ಒಂದು ವಿಚಾರ ತಲೆಗೆ ಹಚ್ಚಿಕೊಂಡರು: ಬಡ ದೇಶಗಳು ತೀರಿಸಲಾಗದ ಸಾಲವನ್ನು 2000ನೇ ಇಸವಿಗೆ ಮನ್ನಾ ಮಾಡಬೇಕು. ನಿವೃತ್ತರು ವಾಕಿಂಗ್ ಮಾಡಿ, ಬೆಂಚಿನ ಮೇಲೆ ಕೂತು ದೇಶ ಹಾಳಾಯಿತು ಎನ್ನುವುದು ಲೋಕರೂಢಿ. ಇವರು ಅದು ಬಿಟ್ಟು ಊರೂರು ತಿರುಗಿ ಬಡ್ಡಿ, ಅಸಲು, ಕಂತು ಎಂದು ಭಾಷಣ ಮಾಡಿದರು. ಚರ್ಚಿನ ಅಜ್ಜಿಯರು ವಿದೇಶಿ ಸಾಲದ ಲೆಕ್ಕ ಕಲಿತರು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಶ್ರೀಮಂತ ದೇಶಗಳ ಶೃಂಗಸಭೆ ನಡೆಯುವಾಗ ಸುಮಾರು 70,000 ಜನ ಕೈಕೈ ಹಿಡಿದು ನಗರದ ಮಧ್ಯಭಾಗವನ್ನು ಸುತ್ತಿದರು. ಎದ್ದು ನಿಂತದ್ದು ಅವರೂ ಹೌದು. ಆದರೆ ಶೃಂಗಸಭೆಯ ಊರಿಗೇ ಹೋಗಿ, ಇಂಥದ್ದೇ ಬೇಕೆಂದು ಕೇಳುತ್ತ ನಿಂತರು. ಗ್ಲೆನೀಗಲ್ಸ್‌ನ ಭರವಸೆಗಳಲ್ಲಿ ನಿಜವಾಗಿ ಕೈಗೂಡಿದ್ದು ಇವರು ವರ್ಷಗಟ್ಟಲೆ ಕೇಳುತ್ತ ಬಂದ ಆ ಸಾಲಮನ್ನಾವೇ. ಅದರ ಬೆನ್ನಿಗೇ, 2006ರ ಏಪ್ರಿಲ್‌ನಲ್ಲಿ ಝಾಂಬಿಯಾ ದೇಶ ಹಳ್ಳಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಂದ ವಸೂಲು ಮಾಡುತ್ತಿದ್ದ ಶುಲ್ಕವನ್ನು ತೆಗೆದುಹಾಕಿತು.

ಅಮೆರಿಕದಲ್ಲಿ ಸ್ಯಾಮ್ ಡೇಲಿ–ಹ್ಯಾರಿಸ್ ಎಂಬ ಸಂಗೀತದ ಮೇಷ್ಟ್ರು ಇದೇ ಜಾತಿಯವರು. 1970ರ ದಶಕದ ಕೊನೆಯಲ್ಲಿ ಸುಮಾರು 7,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು, ‘ನಿಮ್ಮ ಕ್ಷೇತ್ರದ ಸಂಸದನ ಹೆಸರೇನು?’ ಎಂದು ಕೇಳಿದರಂತೆ. ಹೇಳಿದವರು 200ರ ಆಸುಪಾಸು. 1980ರಲ್ಲಿ ಅವರು ‘ರಿಸಲ್ಟ್ಸ್’ ಎಂಬ ಸ್ವಯಂಸೇವಕರ ಸಂಸ್ಥೆ ಕಟ್ಟಿದರು. ಇದರ ಕಾರ್ಯಕರ್ತರು ಏನು ಮಾಡುತ್ತಾರೆಂದು ಕೇಳಿದರೆ ಆಕಳಿಕೆ ಬರುತ್ತದೆ. ತಿಂಗಳಿಗೊಮ್ಮೆ ಸೇರುತ್ತಾರೆ. ಲಸಿಕೆಗೋ ಕ್ಷಯರೋಗದ ಔಷಧಿಗೋ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದಾರೆ, ಎಷ್ಟು ಇಡಬೇಕಿತ್ತು ಎಂದು ಓದುತ್ತಾರೆ. ಎರಡು ನಿಮಿಷದ ಮಾತನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಸಂಸದನಿಗೆ ಪತ್ರ ಬರೆಯುತ್ತಾರೆ. ಉತ್ತರ ಬರದಿದ್ದರೆ ಪತ್ರಿಕೆಗೆ ಬರೆಯುತ್ತಾರೆ. ನಮ್ಮ ‘ವಾಚಕರ ವಾಣಿ’ಯಲ್ಲಿ ಬೀದಿದೀಪ, ಬಸ್ಸು, ಕೆಟ್ಟ ಕನ್ನಡ ಎಂದು ದಣಿವಿಲ್ಲದೆ ಬರೆಯುವ ಹಿರಿಯರಿದ್ದಾರಲ್ಲ, ಅಂಥವರೇ, ಇವರ ಬೀದಿದೀಪ ಮಾತ್ರ ಮಲಾವಿಯಲ್ಲಿ ಇರುತ್ತದೆ.

ಈ ಎರಡು ಜಾತಿಯ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಯಾವುದೇ ಸಂಸದನ ಕಚೇರಿಯ ಒಳಗೆ ಕಿವಿಯಿಟ್ಟು ಕೇಳಬೇಕು. ನಾನು ಕೇಳಿಲ್ಲ, ಊಹಿಸಬಲ್ಲೆ.

‘ಸರ್, ಬಡತನದ ವಿರುದ್ಧ ಇಪ್ಪತ್ತು ಲಕ್ಷ ಜನ ಸಹಿ ಹಾಕಿದ್ದಾರೆ.’

‘ಅದರಲ್ಲಿ ನಮ್ಮ ಕ್ಷೇತ್ರದವರು ಎಷ್ಟು?’

‘ಗೊತ್ತಿಲ್ಲ ಸರ್.’

‘ಹಾಗಾದರೆ ಸಂಪೂರ್ಣ ಬೆಂಬಲ ಇದೆ ಅಂತ ಹೇಳಿಕೆ ಕೊಡು. ಒಂದು ಬಿಳಿ ಪಟ್ಟಿಯೂ ತರಿಸು.’

‘ಸರ್, ಹೊರಗೆ ಆ ಮೇಷ್ಟ್ರು ಬಂದು ಕೂತಿದ್ದಾರೆ.’

‘ಯಾವ ಮೇಷ್ಟ್ರು?’

‘ಹೋದ ತಿಂಗಳೂ ಬಂದಿದ್ದರಲ್ಲ ಸರ್. ಮಸೂದೆಯ ನಂಬರು ಸಮೇತ.’

‘ಕಾರು ಹಿಂಬಾಗಿಲಿಗೆ ತರಲು ಹೇಳು.’

ಮೇಷ್ಟ್ರುಗಳೂ ದೇವರಲ್ಲ, ಅದನ್ನೂ ಹೇಳಬೇಕು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಇದೇ ಬಳಗ ಮೈಕ್ರೋಕ್ರೆಡಿಟ್ ಶೃಂಗಸಭೆ ನಡೆಸಿ, ಜಗತ್ತಿನ ಹತ್ತು ಕೋಟಿ ಕಡುಬಡ ಕುಟುಂಬಗಳಿಗೆ, ಅದರಲ್ಲೂ ಹೆಂಗಸರಿಗೆ, ಕಿರುಸಾಲ ತಲುಪಿಸುವ ಗುರಿ ಹಾಕಿಕೊಂಡಿತು. ಸಾಲ ತಲುಪಿತು. ಬೆನ್ನಿಗೇ ವಸೂಲಿಗಾರರೂ ತಲುಪಿದರು. 2025ರ ಫೆಬ್ರುವರಿಯಲ್ಲಿ ಮೈಕ್ರೋಫೈನಾನ್ಸ್ ಕಾಟ ತಡೆಯಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಡುತ್ತಿದ್ದಾರೆಂದು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಾಷಿಂಗ್ಟನ್ನಿನ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ವಾರದ ಕಂತಿನ ದಿನ ಸಂಘದ ಮನೆಯ ಜಗಲಿಯಲ್ಲಿ ನಡೆಯುವ ಮಾತುಕತೆ ಕೇಳಿಸಿರಲಿಕ್ಕಿಲ್ಲ.

ಆದರೂ ಒಂದು ಲೆಕ್ಕ ಬಾಕಿಯಿದೆ. 1990ರಲ್ಲಿ ಐದು ವರ್ಷದೊಳಗಿನ ಸುಮಾರು 1.28 ಕೋಟಿ ಮಕ್ಕಳು ಜಗತ್ತಿನಲ್ಲಿ ಸತ್ತರು. 2022ರಲ್ಲಿ ಸತ್ತವರು 49 ಲಕ್ಷ. ಅಂದರೆ ಅಂದಿನ ತಾರೆಯರು ಇಂದು ಬಂದರೆ ಚಿಟಿಕೆ ಹೊಡೆಯುವುದನ್ನು ಆರು ಸೆಕೆಂಡಿಗೊಮ್ಮೆ ಎಂದು ನಿಧಾನ ಮಾಡಿಕೊಳ್ಳಬೇಕು. ಇದು ಚಿಟಿಕೆಯಿಂದ ಆಗಿದ್ದಲ್ಲ. ದಡಾರದ ಲಸಿಕೆ, ಸೊಳ್ಳೆಪರದೆ, ಉಪ್ಪು ಸಕ್ಕರೆ ಬೆರೆಸಿದ ನೀರು, ಅವನ್ನು ಹೊತ್ತು ಮನೆ ಮನೆ ತಿರುಗಿದ ಹೆಂಗಸರು, ತಮ್ಮ ಬಜೆಟ್ಟಿನಲ್ಲಿ ಹಣ ಇಟ್ಟ ಬಡ ದೇಶಗಳ ಸರ್ಕಾರಗಳು, ಮತ್ತು ಹೊರಗಿನಿಂದ ಬಂದ ನೆರವು. ಆ ನೆರವಿನ ಒಂದೊಂದು ಸಾಲಿನ ಹಿಂದೆ ಹಿಂಬಾಗಿಲಿನಲ್ಲೂ ಕಾದು ನಿಂತು ಸಂಸದನನ್ನು ಹಿಡಿದ ಯಾರೋ ಒಬ್ಬ ಮೇಷ್ಟ್ರು ಇರುತ್ತಾನೆ.

ಆ ನೆರವನ್ನು ಕೆಡವುವುದಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ. 2025ರ ಜನವರಿ 20ರಂದು ಟ್ರಂಪ್ ವಿದೇಶಿ ನೆರವಿಗೆ ತಡೆ ಹಾಕಿದರು. ಜಗತ್ತಿನ ಅತ್ಯಂತ ಶ್ರೀಮಂತ ಮನುಷ್ಯನ ಮುಂದಾಳತ್ವದಲ್ಲಿ ಬಡವರ ಪಾಲಿನ ಉಳಿತಾಯ ಶುರುವಾಯಿತು. ಜುಲೈ 1ಕ್ಕೆ, ವಿದೇಶಗಳಿಗೆ ನೆರವು ಹಂಚುತ್ತಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಬಾಗಿಲು ಮುಚ್ಚಿತು.

ಬ್ರಿಟನ್ನಿನವರು ಸಭ್ಯರು, ಬಾಗಿಲು ಮುಚ್ಚುವಾಗ ಸದ್ದು ಮಾಡುವುದಿಲ್ಲ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆ ನಿರ್ಣಯಿಸಿದ್ದು 1970ರ ಅಕ್ಟೋಬರ್ 24ರಂದು; ಗಡುವು ಆ ದಶಕದ ನಡುಭಾಗ. ಬ್ರಿಟನ್ ಆ ಮಟ್ಟ ಮುಟ್ಟಿದ್ದು 2013ರಲ್ಲಿ. ಇನ್ನು ಜಾರಬಾರದೆಂದು 2015ರಲ್ಲಿ ಕಾನೂನನ್ನೇ ಮಾಡಿದರು. ಬಿಳಿ ಪಟ್ಟಿಯವರಿಗೂ ಪತ್ರ ಬರೆದವರಿಗೂ ಅದು ಹಬ್ಬ. 2021ರಲ್ಲಿ ಶೇ 0.5ಕ್ಕೆ ಇಳಿಸಿದರು. ಆ 0.5ರಲ್ಲೂ, ಆಶ್ರಯ ಕೋರಿ ಬಂದವರನ್ನು ಬ್ರಿಟನ್ನಿನೊಳಗೇ ಇರಿಸಿಕೊಂಡ ಖರ್ಚನ್ನು, ಹೋಟೆಲ್ ಬಿಲ್ಲುಗಳ ಸಮೇತ, ಬಡ ದೇಶಗಳ ನೆರವು ಎಂದೇ ಬರೆದರು. 2022ರಲ್ಲಿ ಅದು 370 ಕೋಟಿ ಪೌಂಡ್, ಒಟ್ಟು ನೆರವಿನ ಶೇ 29ರಷ್ಟು. 2025ರ ಫೆಬ್ರುವರಿಯಲ್ಲಿ, 2027ರ ಹೊತ್ತಿಗೆ ಒಟ್ಟು ನೆರವನ್ನೇ ಶೇ 0.3ಕ್ಕೆ ತರುತ್ತೇವೆ ಎಂದು ಘೋಷಿಸಿದರು.

2015ರ ಕಾನೂನು? ಅದು ರದ್ದಾಗಿಲ್ಲ. ಅದನ್ನು ಪಾಲಿಸದಿದ್ದರೆ ಏನು ಶಿಕ್ಷೆ ಎಂಬುದೂ ಅದರಲ್ಲೇ ಬರೆದಿದೆ: ಗುರಿ ತಪ್ಪಿದ ವರ್ಷ ಸಚಿವರು, ಏಕೆ ತಪ್ಪಿತು ಎಂದು ವಿವರಿಸುವ ಒಂದು ಹೇಳಿಕೆಯನ್ನು ಸಂಸತ್ತಿನ ಮುಂದೆ ಇಡತಕ್ಕದ್ದು.