ಸೈಟ್ ಬೀಳಿಸುವ ಸರಿಯಾದ ಕ್ರಮ

ಸಣ್ಣ ಸೋಷಿಯಲ್ ಮೀಡಿಯಾ ಸೈಟ್ ನಡೆಸುತ್ತಿದ್ದೀರಾ? ಮೊದಲು ಕೀಳರಿಮೆ ಬಿಡಿ. ದೊಡ್ಡ ಕಂಪನಿಗಳು ಬಿದ್ದಷ್ಟೇ ಜೋರಾಗಿ ನೀವೂ ಬೀಳಬಹುದು. ಒಂದು ಬಾಡಿಗೆ ಸರ್ವರ್, ಸಂಬಳವಿಲ್ಲದ ಇಬ್ಬರು ಗೆಳೆಯರು, ಮೂವರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್, ಇಷ್ಟಿದ್ದರೆ ಧಾರಾಳವಾಯಿತು.

ಹೊಸ ಕೋಡನ್ನು ಶುಕ್ರವಾರ ಸಂಜೆಯೇ ಏರಿಸಿ. ಸೋಮವಾರ ಏರಿಸಿದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಮೂವರೂ ಕೂತು ಸರಿ ಮಾಡಿಬಿಡುತ್ತೀರಿ. ಶುಕ್ರವಾರವಾದರೆ ಒಬ್ಬ ಊರಿನ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ, ಇನ್ನೊಬ್ಬನ ಫೋನು ಘಾಟಿಯಲ್ಲಿ ನೆಟ್‌ವರ್ಕ್ ಕಳೆದುಕೊಂಡಿರುತ್ತದೆ. ಟೆಸ್ಟಿಂಗಿಗೆಂದು ಬೇರೆ ಸರ್ವರ್ ಇಡಬೇಡಿ, ದಂಡದ ಖರ್ಚು. ಬಳಕೆದಾರರು ಮತ್ತೆ ಇರುವುದು ಯಾತಕ್ಕೆ?

ಬಗ್ ಇದೆಯೆಂದು ಯಾರಾದರೂ ಬರೆದರೆ ಗಾಬರಿಯಾಗಬೇಡಿ. "ನಮ್ಮಲ್ಲಿ ಸರಿಯಾಗಿಯೇ ಇದೆಯಲ್ಲ" ಎಂದು ಉತ್ತರಿಸಿ. ಮತ್ತೆ ಬರೆದರೆ ಕ್ಯಾಶ್ ಕ್ಲಿಯರ್ ಮಾಡಲು ಹೇಳಿ. ಮೂರನೇ ಸಲ ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಲು ಹೇಳಿ. ಹೆಚ್ಚಿನವರು ತೆಗೆಯುತ್ತಾರೆ, ಮತ್ತೆ ಹಾಕಿಕೊಳ್ಳುವುದಿಲ್ಲ. ದೂರಿನ ಮುಂದೆ "ಪರಿಹರಿಸಲಾಗಿದೆ" ಎಂದು ಬರೆದು ಮುಚ್ಚಿ.

ಕೆಲವು ಬಗ್‌ಗಳನ್ನಂತೂ ಸಾಕಿಕೊಳ್ಳಬೇಕು. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಅಕ್ಷರಗಳಿಗೆ ಅದರ ಹಳೆಯ ಯುಟಿಎಫ್8 ವ್ಯವಸ್ಥೆಯನ್ನೇ ಆರಿಸಿಕೊಳ್ಳಿ. ಅದು ಒಂದು ಸಂಕೇತಕ್ಕೆ 3 ಬೈಟ್‌ಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಕನ್ನಡಕ್ಕೆ 3 ಸಾಕು, ಹೆಚ್ಚಿನ ಎಮೋಜಿಗಳಿಗೆ 4 ಬೇಕು. ಕಟ್ಟುನಿಟ್ಟಿನ ಮೋಡನ್ನೂ ಆಫ್ ಮಾಡಿಡಿ. ಆಗ ಅದು ತಕರಾರು ತೆಗೆಯದೆ ಎಮೋಜಿಯನ್ನೂ ಅದರ ಮುಂದಿನದ್ದನ್ನೂ ಕತ್ತರಿಸಿ ಹಾಕುತ್ತದೆ. "ಮಗಳ ಮದುವೆಗೆ ಎಲ್ಲರೂ ಬನ್ನಿ" ಎಂದು ಬರೆದು, ಕೈಮುಗಿಯುವ ಎಮೋಜಿ ಹಾಕಿ, ಆಮೇಲೆ ತಾರೀಖು, ಛತ್ರದ ವಿಳಾಸ ಬರೆದವರ ಪೋಸ್ಟು "ಬನ್ನಿ"ಗೇ ನಿಲ್ಲುತ್ತದೆ. ಊಟದ ಖರ್ಚು ಉಳಿಸಿಕೊಟ್ಟಿರಿ. 4 ಬೈಟಿನ ವ್ಯವಸ್ಥೆ 2010ರಿಂದಲೇ ಇದೆ ಎಂದು ಯಾರಾದರೂ ತಿಳಿದವರು ನೆನಪಿಸಿದರೆ, "ಎಮೋಜಿ ಬಿಡಿ, ಕನ್ನಡ ಉಳಿಸಿ" ಎಂಬ ಅಭಿಯಾನ ಶುರುಮಾಡಿ. ವಿರೋಧಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಇನ್ನು ಸೈಟ್ ಪೂರ್ತಿ ಬಿದ್ದಾಗ. ಲಾಗ್ ಓದಲು ಹೋಗಬೇಡಿ, ಅದರಲ್ಲಿ ಕಾರಣ ಬರೆದಿರುತ್ತದೆ. ನೇರ ರೀಸ್ಟಾರ್ಟ್ ಮಾಡಿ. ಸ್ಟೇಟಸ್ ಪೇಜನ್ನು ಅದೇ ಸರ್ವರ್ ಮೇಲೆ ಇಟ್ಟಿರಿ. ಇದಕ್ಕೆ ಹಿರಿಯರ ಮೇಲ್ಪಂಕ್ತಿಯಿದೆ: 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಎಂಬ ಫೈಲು ಸಂಗ್ರಹ ಸೇವೆ ತಪ್ಪಾಗಿ ಟೈಪ್ ಮಾಡಿದ ಒಂದು ಕಮಾಂಡಿನಿಂದ ಕುಸಿದಾಗ, ಕುಸಿದಿದೆ ಎಂದು ಸಾರಬೇಕಾದ ಡ್ಯಾಶ್‌ಬೋರ್ಡು ಅದೇ ಎಸ್3ಯನ್ನು ನೆಚ್ಚಿಕೊಂಡಿತ್ತು. ಫೇಸ್‌ಬುಕ್ ಇನ್ನೂ ಒಂದು ಕೈ ಮೇಲು. 2021ರ ಅಕ್ಟೋಬರ್ 4ರಂದು ಸುಮಾರು ಆರು ತಾಸು ಜಗತ್ತಿನಿಂದ ಮಾಯವಾದಾಗ, ರಿಪೇರಿಗೆ ಬೇಕಾದ ಒಳಗಿನ ಸಲಕರಣೆಗಳೂ ಜೊತೆಯಲ್ಲೇ ಮಾಯವಾಗಿದ್ದವು. ಅದಕ್ಕೆ ಕಾರಣವಾದಂಥ ತಪ್ಪು ಕಮಾಂಡನ್ನು ತಡೆಯಲೆಂದೇ ಇಟ್ಟಿದ್ದ ತಂತ್ರಾಂಶದಲ್ಲೂ ಒಂದು ಬಗ್ ಇತ್ತು. ಇಂಥ ಅಚ್ಚುಕಟ್ಟು ಒಂದೇ ದಿನಕ್ಕೆ ಬರುವುದಿಲ್ಲ.

ಸೈಟ್ ಬಿದ್ದಾಗ ಜನರಿಗೆ ಏನಾದರೂ ತೋರಿಸಬೇಕಲ್ಲ, ಎಂಜಿನಿಯರನ್ನು ಹುಡುಕುವ ಮೊದಲು ಚಿತ್ರಕಾರನನ್ನು ಹುಡುಕಿ. ಟ್ವಿಟರ್ ಬಿದ್ದಾಗಲೆಲ್ಲ ಹಕ್ಕಿಗಳು ತಿಮಿಂಗಿಲ ಹೊತ್ತೊಯ್ಯುವ ಚಿತ್ರ ಬರುತ್ತಿತ್ತು. ಜನ ಬೈಯುವುದು ಬಿಟ್ಟು ಅದಕ್ಕೆ ಅಭಿಮಾನಿಗಳಾದರು. ಗೂಗಲ್‌ನ ಹಳೆಯ ಸೋಷಿಯಲ್ ತಾಣ ಆರ್ಕುಟ್ ತನ್ನ ಸರ್ವರನ್ನೇ ಗದರಿಸಿ ಡೋನಟ್ ಕೊಡುವುದಿಲ್ಲ ಎನ್ನುತ್ತಿತ್ತು. ನೀವು ಕೋಡುಬಳೆ ಕಿತ್ತುಕೊಳ್ಳಿ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಬ್ಯಾಕಪ್ ಇಡಲೇಬೇಕು, ಆದರೆ ತೆರೆದು ನೋಡಬಾರದು. ಮ್ಯಾಗ್ನೋಲಿಯಾ ಎಂಬ ಪುಟ್ಟ ಬುಕ್‌ಮಾರ್ಕ್ ತಾಣ ಈ ಶಾಸ್ತ್ರದ ಮೂಲಪುರುಷ. 2009ರ ಜನವರಿಯಲ್ಲಿ ಅದರ ಸುಮಾರು ಅರ್ಧ ಟೆರಾಬೈಟಿನ ಡೇಟಾಬೇಸ್ ಫೈಲು ಕೆಟ್ಟಿತು. ಬ್ಯಾಕಪ್ ವ್ಯವಸ್ಥೆ ನಿಷ್ಠೆಯಿಂದ ಆ ಕೆಟ್ಟ ಫೈಲನ್ನೇ ನಕಲು ಮಾಡಿಟ್ಟಿತು. ಜನ ವರ್ಷಗಟ್ಟಲೆ ಕೂಡಿಟ್ಟದ್ದು ಹೋಯಿತು. ಬೆಂಕಿಯ ಅನುಕೂಲವೂ ಬೇಕೆಂದರೆ ಬ್ಯಾಕಪ್ಪನ್ನು ಸರ್ವರ್ ಇರುವ ಕಟ್ಟಡದಲ್ಲೇ ಇಡಿ. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಡೇಟಾ ಸೆಂಟರ್ ಉರಿದಾಗ ಹಾಗೆ ಇಟ್ಟವರಿಗೆ ಎರಡೂ ಒಟ್ಟಿಗೆ ಹೋದವು.

ಕೋಡ್ ಕೂಡಿಡುವ ತಾಣ ಗಿಟ್‌ಲ್ಯಾಬ್‌ನದು ಅರ್ಧ ಆದರ್ಶ, ಅರ್ಧ ಅಪಚಾರ. 2017ರ ಜನವರಿ 31ರ ರಾತ್ರಿ ದಣಿದ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡಿಲೀಟ್ ಒತ್ತಿದರು. ಸುಮಾರು 300 ಜಿಬಿ ಹೋಯಿತು. ಐದು ಬಗೆಯ ಬ್ಯಾಕಪ್ ಇದ್ದರೂ ಒಂದೂ ನೆಟ್ಟಗಿರಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ತಿಳಿಸುವ ಇಮೇಲ್‌ಗಳು ಕೂಡ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಇಲ್ಲಿಯವರೆಗೆ ಅನುಕರಿಸಿ. ಮುಂದೆ ಅವರು ಮಾಡಿದ್ದು ಮಾತ್ರ ಬೇಡ: ಆದದ್ದನ್ನೆಲ್ಲ ಬಹಿರಂಗವಾಗಿ ಬರೆದರು, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು, ಡಿಲೀಟ್ ಒತ್ತಿದವರನ್ನು ಮನೆಗೂ ಕಳಿಸಲಿಲ್ಲ. ಆರು ತಾಸು ಹಳೆಯ ಒಂದು ನಕಲು ಅದೃಷ್ಟಕ್ಕೆ ಸಿಕ್ಕಿತು, ಜನರ ನಂಬಿಕೆಯೂ ಉಳಿಯಿತು. ನಂಬಿಕೆ ಉಳಿದರೆ ದೂರುಗಳೂ ಬರುತ್ತಲೇ ಇರುತ್ತವೆ.

ನೀವು ವರದಿ ಬರೆಯುವಾಗ ಕರ್ತೃವನ್ನು ಅಳಿಸಿ. "ದತ್ತಾಂಶ ಅಳಿದುಹೋಗಿರುವುದು ಕಂಡುಬಂದಿದೆ" ಎನ್ನಿ, ತಾನಾಗಿ ಎದ್ದು ಹೋಯಿತೇನೋ ಅನ್ನಿಸಬೇಕು. ಹೆಸರು ಬೇಕೇ ಬೇಕೆಂದು ಯಾರಾದರೂ ಹಟ ಹಿಡಿದರೆ ಹೋದ ತಿಂಗಳು ಬಿಟ್ಟುಹೋದ ಇಂಟರ್ನ್ ಇದ್ದಾನೆ.

ಕೊನೆಗೆ ಕ್ಷಮಾಪಣೆಯ ಇಮೇಲ್ ಕಳಿಸಿ. ಬಳಕೆದಾರರೆಲ್ಲರ ವಿಳಾಸಗಳನ್ನೂ ಸಿಸಿಯಲ್ಲಿ ಹಾಕಿ, ಬಿಸಿಸಿ ಮುಟ್ಟಬೇಡಿ. ಒಬ್ಬರಿಗೊಬ್ಬರು ಪರಿಚಯವಾಗಲಿ, ಎಷ್ಟಾದರೂ ನಿಮ್ಮದು ಸಾಮಾಜಿಕ ಜಾಲತಾಣ.